ಮುಂದಿನ ಕಾಲದ ಊಟ: ಉಣ್ಣೋದಾ, ತಿನ್ನೋದಾ, ನುಂಗೋದಾ?

ಎಲ್ಲರಿಗೂ ನಮಸ್ಕಾರ. ಒಂದು ಕತೆ ಬರೆಯಲು ಕೂತು, ಒಂದೇ ಒಂದು ಕ್ರಿಯಾಪದದ ಹತ್ತಿರ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಕತೆ ನಡೆಯುವುದು 2190ರಲ್ಲಿ, ನಮ್ಮ ಕೋಲಾರದ ಕೆಜಿಎಫ್ ಗಣಿಯೊಳಗೆ. 2001ರಲ್ಲಿ ಮುಚ್ಚಿದ ಗಣಿಗೆ ಜನ ಬಿಸಿಲು ತಡೆಯಲಾರದೆ ಮತ್ತೆ ಇಳಿದಿದ್ದಾರೆ. (ತೀರಾ ಆಳಕ್ಕೆ ಹೋದರೆ ಅಲ್ಲಿ ಸೆಕೆ ಇನ್ನೂ ಜಾಸ್ತಿ. ಹಾಗಾಗಿ ಮೇಲಿನ ಹಂತಗಳಲ್ಲೇ ಇಟ್ಟಿದ್ದೇನೆ.) ಒಲೆ ಇಲ್ಲ, ತಟ್ಟೆ ಇಲ್ಲ. ದಿನಕ್ಕೊಂದು ಮಾತ್ರೆ, ಅಷ್ಟೇ. ಮೊಮ್ಮಗಳು ಕೇಳಬೇಕು: "ಅಜ್ಜಿ, ಮಾತ್ರೆ ಉಂಡ್ಯಾ?" ಬರೆದು ನೋಡಿದೆ. ನನಗೇ ನಗು ಬಂತು.

'ಉಣ್ಣು' ಅಂದರೆ ಒಬ್ಬರು ಇಕ್ಕಬೇಕು, ಇನ್ನೊಬ್ಬರು ಕೂತು ಉಣ್ಣಬೇಕು. 'ತಿನ್ನು' ಅಂದರೆ ಕಡ್ಲೆಕಾಯಿ, ಬಜ್ಜಿ, ದೋಸೆ. ನಮ್ಮ ಕಡೆ ಈ ಗೆರೆ ಅಷ್ಟು ಗಟ್ಟಿ ಇಲ್ಲ ಅನ್ನೋದೂ ನಿಜ. ತೆಲುಗಿನಲ್ಲಿ ಅನ್ನಕ್ಕೂ ಬಜ್ಜಿಗೂ 'ತಿನು' ನಡೆಯುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು 'ಅನ್ನ ತಿಂದೆ' ಅಂದರೆ ಇಲ್ಲಿ ಯಾರೂ ತಿರುಗಿ ನೋಡಲ್ಲ. 'ಸೇವಿಸು' ಬೇಡವೇ ಬೇಡ. ಪತ್ರಿಕೆಗಳಲ್ಲಿ ಜನ ಸೇವಿಸುವುದು ಮದ್ಯ, ಇಲ್ಲಾಂದ್ರೆ ವಿಷ.

ಆಮೇಲೆ ಸುಮ್ನೆ ಲೆಕ್ಕ ಹಾಕಿದೆ. ಮಾತ್ರೆಯೇ ಬಿದ್ದುಹೋಯಿತು! ನಾವು ತಿನ್ನುವುದರಲ್ಲಿ ಅತಿ ಹೆಚ್ಚು ಕಸುವಿರುವುದು ಕೊಬ್ಬಿಗೆ. ಗ್ರಾಂಗೆ ಸುಮಾರು 9 ಕಿಲೋಕ್ಯಾಲೊರಿ. ದಿನಕ್ಕೆ 2000 ಬೇಕು ಅಂದರೆ ಬರೀ ಕೊಬ್ಬನ್ನೇ ತುಂಬಿದರೂ 220 ಗ್ರಾಂ ದಾಟುತ್ತದೆ. 500 ಮಿಲಿಗ್ರಾಂ ತೂಕದ ಮಾತ್ರೆಯಾದರೆ 440ಕ್ಕೂ ಹೆಚ್ಚು ನುಂಗಬೇಕು. ಅಷ್ಟನ್ನೂ ಕಲಸಿ ಉರುಟಿದರೆ ಏನಾಗುತ್ತದೆ ಹೇಳಿ? ಹೆಚ್ಚೂಕಮ್ಮಿ ಒಂದು ಮುದ್ದೆಯ ಗಾತ್ರ. ಮುನ್ನೂರು ಕಿಲೋಮೀಟರ್ ಸುತ್ತಿ ಅಜ್ಜಿ ಮನೆ ಪಡಸಾಲೆಗೇ ಬಂದ ಹಾಗಾಯ್ತು.

ಮುದ್ದೆ ಅಂದಮೇಲೆ ಕ್ರಿಯಾಪದ ಸಿಕ್ಕಿತಲ್ಲ ಅಂದುಕೊಂಡೆ. ಮುದ್ದೆಯನ್ನು ಅಗಿಯಲ್ಲ. ಮುರಿದು, ಸಾರಲ್ಲಿ ಅದ್ದಿ, ನುಂಗುತ್ತೇವೆ. ಆದರೆ 'ನುಂಗು' ಈಗ ಕೆಟ್ಟ ಸಹವಾಸಕ್ಕೆ ಬಿದ್ದಿದೆ. ದುಡ್ಡು ನುಂಗಿದ, ಕೆರೆ ನುಂಗಿದ. ಕೋಲಾರದವರಿಗೆ ಕೆರೆ ನುಂಗೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಅಜ್ಜಿ, ನುಂಗಿದ್ಯಾ?" ಅಂದರೆ ಅಜ್ಜಿ ಮೇಲೆ ಕೇಸು ಹಾಕಿದಂತೆ ಕೇಳುತ್ತದೆ.

ವಸ್ತುವಿಗೆ ಹೆಸರೂ ಬೇಕು. 'ಮುದ್ದೆ' ಅಂದರೆ ರಾಗಿಯೇ ಕಣ್ಣಿಗೆ ಬರುತ್ತದೆ. ತೆಲುಗಿನ 'ಸಂಗಟಿ', ತಮಿಳಿನ 'ಕಳಿ' ಕೂಡ ಹಾಗೇ. ತುಮಕೂರು ಕಡೆಯ 'ಹಿಟ್ಟು' ಅಂತೂ ಇನ್ನೂ ಗೊಂದಲ. 'ಉಂಡೆ' ಚೆನ್ನಾಗಿದೆ ಅನ್ನಿಸಿತು. ಆದರೆ ಅಜ್ಜಿಯ ಉತ್ತರ ಬರೆದಾಗ ಹೀಗಾಯಿತು: "ಉಂಡೆ ಉಂಡೆ ಕಣೇ." ಇದರಲ್ಲಿ ಯಾವ ಉಂಡೆ ತಿನಿಸು, ಯಾವುದು ಉಂಡಿದ್ದು? ನನಗೆ ಇದು ಇಷ್ಟ. ನನ್ನ ತಂಗಿಗೆ ಇದು ಅಚ್ಚಿನ ತಪ್ಪಿನಂತೆ ಕಂಡಿತು.

ಕೊಳವೆ ಊಟದ ವಿಷಯದಲ್ಲಿ ಈ ತೊಂದರೆಯೇ ಇಲ್ಲ. 1961ರಲ್ಲಿ ಗಗಾರಿನ್ ಬಾಹ್ಯಾಕಾಶದಲ್ಲಿ ಟೂತ್‌ಪೇಸ್ಟಿನಂಥ ಟ್ಯೂಬ್ ಒತ್ತಿ ತಿಂದದ್ದಕ್ಕೆ ಶ್ರೀನಿವಾಸಪುರದ ಹುಡುಗರು ಥಟ್ಟಂತ 'ಚೀಪೋದು' ಅನ್ನುತ್ತಾರೆ. ರಸಪುರಿ ಹಣ್ಣನ್ನು ಮೆತ್ತಗೆ ಹಿಸುಕಿ, ತೊಟ್ಟಿನ ಕಡೆ ಕಚ್ಚಿ, ಚೀಪುವುದೂ ಅದೇ ಕೆಲಸ ಅಲ್ವಾ?

ಹಾಗಾಗಿ ನನ್ನ ಪ್ರಶ್ನೆ ಎರಡು. ಉಂಡೆಗೆ 'ಉಣ್ಣು' ಹಾಕಿದರೆ ನಿಮ್ಮ ಕಿವಿಗೆ ಸರಿ ಕೇಳುತ್ತದಾ, ಇಲ್ಲ ಬೇರೆ ಯಾವುದಾದರೂ ಹಳೆಯ ಮಾತು ನಿಮ್ಮೂರಲ್ಲಿ ಇದೆಯಾ? ಇನ್ನೊಂದು, ಗೋಡೆಯಲ್ಲಿನ ಯಂತ್ರ ಆ ಉಂಡೆಯನ್ನು ಹೊರಗೆ ತಳ್ಳುತ್ತದೆ. ಅದಕ್ಕೆ 'ಯಂತ್ರ ಇಕ್ಕಿತು' ಅಂತ ಬರೆಯಬಹುದಾ? ನನ್ನ ಕೈ ಯಾಕೋ ಬರ್ತಾ ಇಲ್ಲ.