ದೊಡ್ಡಮ್ಮನ ಕಾಲಿಗೆ ಎಂಆರ್‌ಐ ಬೇಕಾ ಅಂತ ಕೇಳಿದ್ದಕ್ಕೆ

ದೊಡ್ಡಮ್ಮಾ, ನಿಮ್ಮ ಮೆಸೇಜು ಈಗಷ್ಟೇ ಕೇಳಿದೆ. ಡ್ಯೂಟಿಯಲ್ಲಿದ್ದೆ, ಸ್ಕ್ಯಾನ್ ರೂಮಿನೊಳಗೆ ಫೋನ್ ತರುವ ಹಾಗಿಲ್ಲ. ಕಾಲು ಉಳುಕಿ ಎರಡು ತಿಂಗಳಾದರೂ ಹೊರಗಿನ ಗಿಣ್ಣಿನ ಹಿಂದೆ ನೋವು ಹೋಗಿಲ್ಲ, ಮೂಳೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದಾರೆ. ಭಾವ ಮಾತ್ರ "ಎಕ್ಸ್‌ರೇ ನಾರ್ಮಲ್ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ಸುರಿಯೋದು" ಅಂತಿದ್ದಾರೆ. ಅಷ್ಟೇ ಅಲ್ವಾ?

ಭಾವ, ಎಕ್ಸ್‌ರೇ ಹೇಳಿದ್ದು ಮೂಳೆ ಮುರಿದಿಲ್ಲ ಅಂತ ಮಾತ್ರ. ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ನಾರು, ಹರಿದಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುವುದಿಲ್ಲ. ದೊಡ್ಡಮ್ಮ ತೋರಿಸಿದ ಜಾಗದಲ್ಲಿ ಪೆರೋನಿಯಸ್ ಅನ್ನುವ ಎರಡು ಟೆಂಡನ್ ಒಂದಕ್ಕೊಂದು ಒತ್ತಿಕೊಂಡು ಹೋಗುತ್ತವೆ. ಮೂಳೆಗೆ ತಾಗಿಕೊಂಡಿರುವುದು ಬ್ರೆವಿಸ್. ಪಾದ ಒಳಕ್ಕೆ ಮಡಚಿಕೊಂಡಾಗ ಅದು ಮೂಳೆಗೂ ಇನ್ನೊಂದು ಟೆಂಡನ್‌ಗೂ ನಡುವೆ ಸಿಕ್ಕಿಕೊಂಡು, ಬಿದಿರು ಸೀಳಿದ ಹಾಗೆ ಉದ್ದಕ್ಕೆ ಸೀಳಬಹುದು. ತುಂಡಾಗಿರುವುದಿಲ್ಲ, ಹೇಗೋ ನಡೆಯಲು ಬರುತ್ತದೆ. ಹಾಗಾಗಿ ಬರೀ ಉಳುಕು ಅಂತ ತಿಂಗಳುಗಟ್ಟಲೆ ಬಿಟ್ಟುಬಿಡುತ್ತಾರೆ.

ಎಂಆರ್‌ಐಯಲ್ಲಿ ಆರೋಗ್ಯವಾದ ಟೆಂಡನ್ ಕಪ್ಪಗೆ ಕಾಣುತ್ತದೆ. ಒಂದೇ ಸ್ಕ್ಯಾನಿನಲ್ಲಿ ಬೇರೆ ಬೇರೆ ಬಗೆಯ ಚಿತ್ರ ತೆಗೆಯುತ್ತೇವೆ, ಅದರಲ್ಲಿ ಟಿ2 ಅನ್ನುವ ಬಗೆಯಲ್ಲಿ ನೀರು, ಊತ ಇದ್ದರೆ ಬೆಳ್ಳಗೆ ಕಾಣುತ್ತದೆ. ಕಾಲನ್ನು ಅಡ್ಡಕ್ಕೆ ಕೊಯ್ದು ನೋಡಿದಂತಹ ಚಿತ್ರದಲ್ಲಿ ಆ ಗಿಣ್ಣಿನ ಹಿಂದೆ ಎರಡು ಕಪ್ಪು ಚುಕ್ಕೆ ಇರಬೇಕು. ಬ್ರೆವಿಸ್ ಸೀಳಿದ್ದರೆ ಅದು ಚಪ್ಪಟೆಯಾಗಿ ಪಕ್ಕದ್ದನ್ನು ತಬ್ಬಿಕೊಂಡಿರುತ್ತದೆ. ಕೆಲವರಲ್ಲಿ ಅದು ಎರಡು ಸೀಳಾಗಿ, ಎರಡರ ಬದಲು ಮೂರು ಚುಕ್ಕೆ ಕಾಣುತ್ತವೆ. ಆದರೆ ಇಲ್ಲೊಂದು ಮೋಸ ಇದೆ. ಟೆಂಡನ್ ಗಿಣ್ಣಿನ ಕೆಳಗೆ ತಿರುಗುವಲ್ಲಿ ಮ್ಯಾಗ್ನೆಟ್ಟಿನ ದಿಕ್ಕಿಗೆ ಸುಮಾರು 55 ಡಿಗ್ರಿ ಓರೆಯಾದರೆ, ಏನೂ ಆಗದಿದ್ದರೂ ಕೆಲವು ಚಿತ್ರಗಳಲ್ಲಿ ಬೆಳ್ಳಗಾಗುತ್ತದೆ. ಮ್ಯಾಜಿಕ್ ಆಂಗಲ್ ಅಂತೀವಿ. ಟಿ2 ಚಿತ್ರದಲ್ಲಿ ಅದೇ ಜಾಗ ಮತ್ತೆ ಕಪ್ಪಗಿದ್ದರೆ ಗಾಯ ಅಲ್ಲ. ಹಾಗಾಗಿ ದಯವಿಟ್ಟು ಒಂದೇ ಫಿಲ್ಮಿನ ಫೋಟೋ ಗ್ರೂಪಿಗೆ ಹಾಕಿ "ಈ ಬಿಳಿ ಏನು" ಅಂತ ಕೇಳಬೇಡಿ.

ಚಿಕ್ಕಪ್ಪ ಕೇಳಿದರು, ತಮಗೆ ಶಟಲ್ ಆಡುವಾಗ ಹಿಮ್ಮಡಿ ಮೇಲಿನ ಟೆಂಡನ್ ಕಿತ್ತುಹೋದಾಗ ಎಂಆರ್‌ಐ ಮಾಡಿಸಲೇ ಇಲ್ಲವಲ್ಲ ಅಂತ. ನಿಜ. ಅಕಿಲಿಸ್ ಪೂರ್ತಿ ಹರಿದಿದ್ದರೆ ಹೆಚ್ಚಿನ ಸಲ ಕೈಯಲ್ಲೇ ಗೊತ್ತಾಗುತ್ತದೆ. ಬೋರಲು ಮಲಗಿಸಿ ಮೀನಖಂಡ ಹಿಸುಕುತ್ತಾರೆ, ಪಾದ ಅಲುಗದಿದ್ದರೆ ಹರಿದಿದೆ ಅಂತಲೇ ಲೆಕ್ಕ. ದೊಡ್ಡಮ್ಮನದು ಅಷ್ಟು ಸುಲಭದ್ದಲ್ಲ.

ದೊಡ್ಡಮ್ಮಾ, ನಡೆಯುವಾಗ ಗಿಣ್ಣಿನ ಹಿಂದೆ ಏನೋ ಟಕ್ ಅಂತ ಜಾರಿದ ಹಾಗೆ ಆಗುತ್ತದಾ? ಆಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಎಂಆರ್‌ಐಗೆ ಕಾಲು ಅಲ್ಲಾಡಿಸದೆ ಮಲಗಬೇಕು, ಜಾರುವುದು ಅದರಲ್ಲಿ ಸಿಗದೇ ಹೋಗಬಹುದು. ಅಲ್ಟ್ರಾಸೌಂಡ್‌ನಲ್ಲಾದರೆ ಪಾದ ಆಡಿಸುತ್ತಲೇ ನೋಡಬಹುದು, ಖರ್ಚೂ ಕಡಿಮೆ.

ಸ್ಕ್ಯಾನ್ ದಿನ ನೋವಿನ ಜಾಗವನ್ನು ಒಂದೇ ಬೆರಳಲ್ಲಿ ತೋರಿಸಿ. ನಾನಾದರೆ ಅಲ್ಲೊಂದು ವಿಟಮಿನ್ ಇ ಕ್ಯಾಪ್ಸೂಲ್ ಅಂಟಿಸುತ್ತೇನೆ. ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಓದುವ ಡಾಕ್ಟರಿಗೆ ಎಲ್ಲಿ ನೋಡಬೇಕು ಅಂತ ತಿಳಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಇಂಜೆಕ್ಷನ್ ಬೇಕಿಲ್ಲ, ಉಪವಾಸವೂ ಬೇಡ. ಕಾಲು ಮುಂದೆ ಮಾಡಿ ಒಳಗೆ ಕಳಿಸುವುದರಿಂದ ಸಾಮಾನ್ಯವಾಗಿ ತಲೆ ಹೊರಗೇ ಇರುತ್ತದೆ, ಹೆದರಬೇಡಿ. ಸದ್ದು ಮಾತ್ರ ಜಾಸ್ತಿ. ಪೇಸ್‌ಮೇಕರ್, ಒಳಗೆ ಹಾಕಿದ ಲೋಹ ಏನಿದ್ದರೂ ಮೊದಲೇ ಹೇಳಬೇಕು.

ಹಾಂ, ಕಾಲುಂಗುರ! ಬೆಳ್ಳಿ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ ನಿಜ, ಆದರೆ ಚಿತ್ರ ಕೆಡಿಸಬಹುದು, ಬಿಸಿಯೂ ಆಗಬಹುದು. ನಿಮ್ಮದು ಬಿಗಿಯಾಗಿದೆ, ಹಿಂದಿನ ರಾತ್ರಿಯೇ ಸೋಪು ಹಚ್ಚಿ ತೆಗೆದಿಡಿ. ಅಲ್ಲಿವರೆಗೆ ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಾಕಿಸಿ ನೀವಿಸಿಕೊಳ್ಳುವುದು ಬೇಡ. ಯಾವತ್ತು ಸ್ಕ್ಯಾನ್ ಅಂತ ಹೇಳಿ, ಹಳೇ ಎಕ್ಸ್‌ರೇನೂ ಜೊತೆಗೆ ಹಿಡಿದುಕೊಂಡು ಹೋಗಿ.