ಪದ ಬೇಕಿದೆ, ಅರ್ಜೆಂಟ್: ಸ್ಟೇಷನರಿ ಬ್ಯಾಕ್‌ಗ್ರೌಂಡ್

ಎಲ್ಲರಿಗೂ ನಮಸ್ಕಾರ. ದುರ್ಗಿಗುಡಿಯಲ್ಲಿ ಹೆಣ್ಣುಮಕ್ಕಳಿಗೆ ಎರಡು ದಿನ ಗಿಂಪ್ (ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ತಂತ್ರಾಂಶ) ಕಲಿಸುತ್ತಿದ್ದೇವೆ. ಕಾಗದಕ್ಕೆ, ಕರೆಯೋಲೆಗೆ ಹಿಂದೆ ತೆಳುವಾಗಿ ಚಿತ್ರ ಇರುವ ಪುಟ ಮಾಡುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನೋಣ? ಬ್ಯಾನರ್ ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ನಾನು ‘ಲೇಖನ ಸಾಮಗ್ರಿ ಹಿನ್ನೆಲೆ’ ಎಂದು ಬರೆದೆ. ಅತ್ತಿಗೆ ಓದಿ, ‘ಏನೇ ಇದು, ಕ್ರಿಮಿನಲ್ ಹಿನ್ನೆಲೆ ಅಂದ ಹಾಗಿದೆ’ ಎಂದರು.

ಕೆಲಸ ಇಷ್ಟೇ. ಎ4 ಪುಟ, 300 ಡಿಪಿಐ (ಇಂಚಿಗೆ 300 ಚುಕ್ಕಿ), ಅಂದರೆ 2480 × 3508 ಪಿಕ್ಸೆಲ್. ಕೆಳಗೆ ಬಿಳಿ ಲೇಯರ್ (ಪದರ), ಅದರ ಮೇಲೆ ಹಸೆ ಚಿತ್ತಾರದ ಫೋಟೊ, ಆಪಾಸಿಟಿ (ಚಿತ್ರ ಎಷ್ಟು ಗಾಢವಾಗಿ ಕಾಣಬೇಕು ಎಂಬ ಅಳತೆ, 100 ಎಂದರೆ ಪೂರ್ತಿ ಗಾಢ) 20ಕ್ಕೆ ಇಳಿಸುವುದು. ಎಲ್ಲಕ್ಕಿಂತ ಮೇಲೆ ಅಕ್ಷರ.
– ಶಿವಮೊಗ್ಗ

ಹಾಳೆ ಎನ್ನಿ. ಇದರಲ್ಲಿ ಚರ್ಚೆಗೆ ಏನಿದೆ? ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೂ ಅದೇ, ಬರೆಯುವ ಹಾಳೆಯೂ ಅದೇ. ಹಳಗನ್ನಡದ ಪಾಲು ಹಾಲಾದ ಹಾಗೆ ಪಾಳೆ ಹಾಳೆಯಾಯಿತು. ತಮಿಳಿನಲ್ಲಿ ಈಗಲೂ ಪಾಳೈ. ‘ಚಿತ್ತಾರದ ಹಾಳೆ’, ಮುಗಿಯಿತು.
– ತೀರ್ಥಹಳ್ಳಿ

ಮುಗಿಯಲಿಲ್ಲ. ಹಾಳೆ ಎಂದರೆ ಶೀಟು. ಅವರು ಕೇಳಿದ್ದು ಅದರ ಮೇಲಿನ ಚಿತ್ರಕ್ಕೆ. ನಮ್ಮ ಕಡೆ ‘ಚಿತ್ತಾರದ ಹಾಳೆ ತಯಾರಿ’ ಎಂದು ಬ್ಯಾನರ್ ಕಟ್ಟಿ ನೋಡಿ, ಜನ ಊಟದ ತಟ್ಟೆಗೆ ಆರ್ಡರ್ ಕೊಡಲು ಬರುತ್ತಾರೆ.

ಹಾಸು ಎನ್ನಿ. ಹಾಸುಗಲ್ಲಿನ ಹಾಸು, ಹಾಸುಹೊಕ್ಕಿನ ಹಾಸು. ಮೇಲೆ ಇನ್ನೇನೋ ಬರಲಿ ಅಂತಲೇ ಅಲ್ವಾ ಹಾಸುವುದು? ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚವೂ ಅಂಗಡಿಯದ್ದಲ್ಲ, ಪುಂಡಿ ನಾರಿನದ್ದು. ಮದುಮಕ್ಕಳು ಕೂರುವುದು ಆ ಗೋಡೆಯ ಮುಂದೆ. ಹಿಂದೆ ಚಿತ್ರ, ಮುಂದೆ ಮುಖ್ಯವಾದವರು. ಗಿಂಪ್ ಬರುವ ಎಷ್ಟೋ ಮೊದಲೇ ನಮ್ಮ ಅಜ್ಜಿಯರು ಬ್ಯಾಕ್‌ಗ್ರೌಂಡ್ ಮಾಡಿ ಮುಗಿಸಿದ್ದರು.
– ಸಾಗರ

ಚಿತ್ತಾರ ಸಂಸ್ಕೃತದ ಕೂಸು. ಕಾಗದ ಪಾರಸಿಯದ್ದು. ಲೇಯರ್, ಆಪಾಸಿಟಿ ಕೇಳುವುದೇ ಬೇಡ. ಅಚ್ಚಗನ್ನಡದಲ್ಲಿ ಕಟ್ಟಲು ಬರುವಾಗ ಸಾಲ ಯಾಕೆ? ನನ್ನ ಸಲಹೆ: ಹಿಂಗೆರೆ. ಹಿಂದಿರುವ ಗೆರೆ.
– ಹೊಸನಗರ

ಊರ ಹಿಂದಿನ ಕೆರೆ ಎಂದುಕೊಂಡೆ. ಆದೇಶ ಸಂಧಿ ಮರೆತಿರಾ?
– ಸಾಗರ

ತದ್ಭವ ಆದ ಮೇಲೆ ಅದು ನಮ್ಮದೇ. ಇಲ್ಲದಿದ್ದರೆ ಅರ್ಜಿ, ಜಿಲ್ಲೆ, ತಾಲೂಕು ಎಲ್ಲವನ್ನೂ ವಾಪಸ್ ಕಳಿಸಿ. ವಾಪಸ್ ಕೂಡ ಪಾರಸಿಯೇ, ಅದನ್ನೂ ಜೊತೆಗೆ ಕಳಿಸಿ. ಇಂಗ್ಲಿಷಿನವರ ಸ್ಟೇಷನರಿಯಾದರೂ ಏನು? ಊರೂರು ತಿರುಗದೆ ಒಂದೇ ಕಡೆ ಅಂಗಡಿ ಹಾಕಿ ಕೂತ ಪುಸ್ತಕದವನು ಸ್ಟೇಷನರ್. ಮೂಲ ಲ್ಯಾಟಿನ್. ಅವರೇನು ಅದಕ್ಕಾಗಿ ಅಳುತ್ತಾ ಕೂತಿಲ್ಲ. ಹಾಳೆಯ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ.
– ತೀರ್ಥಹಳ್ಳಿ

ನಿಮ್ಮ ಮಾತು ಬದಲಾಗಿದ್ದನ್ನು ಯಾರೂ ನೋಡಿಲ್ಲ.
– ಹೊಸನಗರ

ಜಗಳ ಸಾಕು, ಬ್ಯಾನರ್ ಹೋಯಿತು. ‘ಕಾಗದಕ್ಕೆ ಚಿತ್ತಾರದ ಹಾಸು’ ಎಂದು ಹಾಕಿಸಿದೆ. ಅತ್ತಿಗೆ ಈ ಸಲ ನಗಲಿಲ್ಲ, ಅದೇ ದೊಡ್ಡದು.

ಆಪಾಸಿಟಿ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಾನು ಪಾಠದ ಕರಡಿನಲ್ಲಿ ‘ಪಾರದರ್ಶಕತೆ 20’ ಎಂದು ಬರೆದಿದ್ದೆ. ಅದು ಪೂರ್ತಿ ಉಲ್ಟಾ ಅಂತ ಆಗ ಹೊಳೆಯಲಿಲ್ಲ. ಅತ್ತಿಗೆ ನನ್ನ ಮಾತು ನಂಬಿ ಆಪಾಸಿಟಿ 80ಕ್ಕೆ ಇಟ್ಟರು. ಚಿತ್ತಾರ ಢಾಳಾಗಿ ಎದ್ದು ನಿಂತಿತು, ‘ಪ್ರೀತಿಯ ಅಮ್ಮನಿಗೆ’ ಎಂಬ ಸಾಲು ಅದರ ಗೆರೆಗಳ ನಡುವೆ ಎಲ್ಲೋ ಕಳೆದುಹೋಯಿತು. ಈಗ ‘ಚಿತ್ರವನ್ನು ತಿಳಿ ಮಾಡಿ (ಆಪಾಸಿಟಿ 20)’ ಎಂದು ತಿದ್ದಿದ್ದೇನೆ.
– ಶಿವಮೊಗ್ಗ

ತಿಳಿ ಒಳ್ಳೆಯ ಪದ. ಆದರೆ ಎಲ್ಲದಕ್ಕೂ ‘ಮಾಡಿ’ ಅಂಟಿಸುವ ಚಟ ಬಿಡಿ. ‘ಚಿತ್ರವನ್ನು ತಿಳಿಸಿ’ ಎಂದರೆ ಸಾಕು.
– ಹೊಸನಗರ

ಯಾರಿಗೆ ತಿಳಿಸುವುದು, ಸಾರ್?
– ಸಾಗರ