ಅಪ್‌ಡೇಟ್: ಅಮ್ಮನ ಜೊತೆ ಗೋಕಾಕ, ಬಾದಾಮಿ ನೋಡಿಕೊಂಡು ಬಂದೆವು

ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಬೆಳಗಾವಿಯಿಂದ ಎರಡು ದಿನದಲ್ಲಿ ಏನೇನು ನೋಡಬಹುದು ಅಂತ ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದ ಹಾಗೆ ಪಟ್ಟಿಯನ್ನು ಅರ್ಧಕ್ಕೆ ಇಳಿಸಿದೆ. ಅದೇ ಒಳ್ಳೆಯದಾಯಿತು.

ಗೋಕಾಕ ಫಾಲ್ಸ್‌ಗೆ ಬೆಳಿಗ್ಗೆ ಎಂಟಕ್ಕೇ ಮುಟ್ಟಿದೆವು. ಘಟಪ್ರಭೆ ಅಲ್ಲಿ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಮಳೆಗಾಲ ಅಲ್ವಾ, ನೀರು ಥೇಟ್ ಹಾಲು ಹಾಕಿದ ಚಹಾದ ಬಣ್ಣ. ಅಮ್ಮ ಬಂಡೆಯ ಮೇಲೆ ಕೂತು, ಮುಖಕ್ಕೆ ಬೀಳುತ್ತಿದ್ದ ತುಂತುರನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ಅರ್ಧ ಗಂಟೆ ಮಾತೇ ಆಡಲಿಲ್ಲ. ಎಬ್ಬಿಸಲು ನನಗೂ ಮನಸ್ಸಾಗಲಿಲ್ಲ. ಅಲ್ಲಿಂದ ಗೊಡಚಿನಮಲ್ಕಿ. ಮಾರ್ಕಂಡೇಯ ನದಿ ಎರಡು ಹಂತದಲ್ಲಿ ಬೀಳುವುದನ್ನು ದೂರದಿಂದಲೇ ನೋಡಿದೆವು, ಕಲ್ಲು ತುಂಬಾ ಜಾರುತ್ತಿತ್ತು.

ಬಾದಾಮಿಯಲ್ಲಿ ರೂಮು ಕೆಳಗೇ ಬೇಕು ಅಂತ ಫೋನಿನಲ್ಲಿ ಹೇಳಿದ್ದೆ. ಕೊಟ್ಟಿದ್ದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೋಗುವವರು ಇದನ್ನು ಎರಡೆರಡು ಸಲ ಕೇಳಿಕೊಳ್ಳಿ.

ಗುಹೆಗಳಿಗೆ ಮೆಟ್ಟಿಲು ಜಾಸ್ತಿ. ಅಮ್ಮ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಉಳಿದರು, ನಾನೊಬ್ಬನೇ ಹತ್ತಿದೆ. ಮೂರನೇ ಗುಹೆಯಲ್ಲಿ ಚಾಲುಕ್ಯ ವಂಶದ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದ್ದು. ಕೆಂಪು ಮರಳುಗಲ್ಲಿನಲ್ಲಿ ಅಲೆ ಅಲೆಯಾದ ಗೆರೆಗಳು, ಕೈಯಾಡಿಸಬೇಕು ಅನಿಸುತ್ತದೆ. ಮುಟ್ಟಬೇಡಿ, ಸುಮ್ನೆ ನೋಡಿ.

ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾದಾಮಿ ಹತ್ತಿರದ ಮಹಾಕೂಟ ದೇವಸ್ಥಾನ. ಊಟೆಯ ನೀರಿನ ಹೊಂಡ, ಸುತ್ತ ಮರದ ನೆರಳು. ಅದನ್ನು ಸೂಚಿಸಿದವರಿಗೆ ಅಮ್ಮನ ಕಡೆಯಿಂದ ಥ್ಯಾಂಕ್ಸ್. ಕೂಡಲಸಂಗಮ, ಆಲಮಟ್ಟಿ ಚಳಿಗಾಲಕ್ಕೆ ಇಟ್ಟಿದ್ದೇವೆ.